ಐದನೆಯ ಕಾಲು

ಎಲ್ಲದಕ್ಕೂ ಮೂಲ ಊಟದ ಡಬ್ಬಿಯ ಸಡಿಲ ಮುಚ್ಚಳ. ಹೊಸ ಡಬ್ಬಿ ತರೋಣ ಎಂದು ಮಗ ಎರಡು ವರ್ಷದಿಂದ ಹೇಳುತ್ತಿದ್ದ. ಇದಕ್ಕೇನಾಗಿದೆ ಧಾಡಿ ಎಂದು ಅಮ್ಮ ಎರಡು ವರ್ಷದಿಂದ ಕೇಳುತ್ತಿದ್ದರು. ಸೋರಿದ ಎಣ್ಣೆ ಚೀಲಕ್ಕೆ ಹತ್ತದಿರಲೆಂದು ಡಬ್ಬಿಯ ಕೆಳಗೆ ಒಂದು ಹಳೆಯ ಕಾಗದ ಹಾಸುವುದು ಅವರು ಕಂಡುಕೊಂಡ ಉಪಾಯ. ಆ ದಿನ ಬೆಳಿಗ್ಗೆ ಮಾತ್ರ ಮಗನಿಗೆ ಅವಸರವೋ ಅವಸರ.

"ತಡಿಯೋ, ಕಾಗದ ಹಾಕ್ತೀನಿ."

"ಬೇಡಮ್ಮ, ಹೊತ್ತಾಯ್ತು. ಇವತ್ತು ನನ್ನ ಕತ್ತೆ ತೋರಿಸೋ ದಿನ."

"ಹಾಗಾದ್ರೆ ಚೀಲ ನೆಟ್ಟಗೆ ಹಿಡ್ಕೊಂಡು ಹೋಗು."

ಬಸ್ಸಿನ ಹಿಂದೆ ಓಡುವವನು ಚೀಲ ನೆಟ್ಟಗೆ ಹಿಡಿಯುವುದುಂಟೇ.

ಅವನು ಕೆಲಸ ಮಾಡುತ್ತಿದ್ದದ್ದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ, ವಿಡಿಯೊ ಗೇಮ್ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ. ಅಲ್ಲಿ ಎಲ್ಲರೂ ಅವನನ್ನು ಪದಕ ಎಂದು ಕರೆಯುತ್ತಿದ್ದರು. ಕಲಾಶಾಲೆಯಲ್ಲಿ ಚಿನ್ನದ ಪದಕ ಪಡೆದವನು. ಆಫೀಸಿಗೆ ಹೊಸಬರು ಬಂದರೆ ಅವರಿಗೆ ಕುಡಿಯಲು ನೀರು ಸಿಗುವ ಮೊದಲೇ ಪದಕದ ಸುದ್ದಿ ಸಿಗುತ್ತಿತ್ತು. ಆರನೇ ವಯಸ್ಸಿಗೇ ಚಿತ್ರದ ಪಾಠಕ್ಕೆ ಸೇರಿ, ಆಮೇಲೆ ಐದು ವರ್ಷ ಕಲಾಶಾಲೆ, ಮೇಲೆ ಇನ್ನೆರಡು ವರ್ಷ ಎಂದು ಅವನು ಬೆರಳು ಮಡಿಸಿ ಎಣಿಸುವಾಗ ಜೊತೆಯವರೂ ಬಾಯಲ್ಲೇ ಎಣಿಸುತ್ತಿದ್ದರು. ಅಷ್ಟು ಸಲ ಕೇಳಿದ್ದರು.

ಆಗ ನಡೆಯುತ್ತಿದ್ದದ್ದು ಒಂದು ಕತ್ತೆಯ ಆಟ. ಬೆಟ್ಟದ ಮೇಲಿನ ಮನೆಗಳಿಗೆ ಕತ್ತೆ ಕಾಗದಗಳನ್ನು ಹೊತ್ತು ಮುಟ್ಟಿಸಬೇಕು. ಬೆಟ್ಟ, ಮೋಡ, ಮನೆ, ಬೇಲಿ ಎಲ್ಲವನ್ನೂ ಪದಕ ಎರಡು ತಿಂಗಳಲ್ಲಿ ಬಿಡಿಸಿ ಮುಗಿಸಿದ. ಕತ್ತೆಗೆ ಮಾತ್ರ ನಾಲ್ಕು ತಿಂಗಳು ತೆಗೆದುಕೊಂಡ. ಕತ್ತೆಯ ಮೈಯ ಒಂದೊಂದು ಎಲುಬನ್ನೂ ಓದಿ, ಯಾವ ಹೊತ್ತಿನಲ್ಲಿ ಯಾವ ಪಕ್ಕೆಗೆ ಎಷ್ಟು ಬಿಸಿಲು ಬೀಳುತ್ತದೆಂದು ಲೆಕ್ಕ ಹಾಕಿ, ಅದನ್ನು ಹೆತ್ತು ಹೊತ್ತವನಂತೆ ಬಿಡಿಸಿದ್ದ.

ಚಿತ್ರ ತಯಾರಾಗುವ ತನಕ ಅದರ ಜಾಗದಲ್ಲಿ ಕೈಗೆ ಸಿಕ್ಕಿದ್ದನ್ನು ಇಟ್ಟು ಆಟ ನಡೆಸುವುದು ಆ ಕಸುಬಿನ ರೂಢಿ. ಮರದ ಜಾಗದಲ್ಲಿ ಒಂದು ಹಸಿರು ಚೌಕ ಇಟ್ಟರೂ ಸಾಕು. ದಿನವಿಡೀ ಕೀಬೋರ್ಡ್ ಕುಟ್ಟಿ ಸದ್ದು ಮಾಡುವ ಪ್ರೋಗ್ರಾಮರ್, ಹಾಗಾಗಿಯೇ ಜೀರುಂಡೆ ಎನ್ನಿಸಿಕೊಂಡವನು, ಊಟದ ಮೇಜಿನ ಮೇಲೆ ಬಿದ್ದಿದ್ದ ಒಂದು ಕಾಗದದ ಫೋಟೊ ತೆಗೆದು ಕತ್ತೆಯ ಜಾಗಕ್ಕೆ ಹಾಕಿದ್ದ. ಯಾರೋ ಪೆನ್ಸಿಲಿನಲ್ಲಿ ಗೀಚಿದ ಪ್ರಾಣಿ. ಕಿವಿ ಕಾಲಿಗಿಂತ ಉದ್ದ, ಎರಡೂ ಕಣ್ಣು ಒಂದೇ ಕೆನ್ನೆಯಲ್ಲಿ, ಕಾಲು ಐದು, ಬಾಯಿತುಂಬ ನಗು. ತಲೆಯ ಮೇಲೊಂದು ಕೆಂಪು ದುಂಡು, ಅಂಚಿನಲ್ಲಿ ಹಳದಿ ಛಾಯೆ. ಅದು ಕತ್ತೆಯೋ ನಾಯಿಯೋ ಎಂದು ಆಫೀಸಿನಲ್ಲಿ ಎರಡು ಪಕ್ಷಗಳಿದ್ದವು. ದಿನಾ ಅದನ್ನು ನೋಡಬೇಕಾದ ಪದಕನಿಗೆ ಮಾತ್ರ ಕಣ್ಣಲ್ಲಿ ಕಸ ಬಿದ್ದ ಹಾಗಾಗುತ್ತಿತ್ತು.

ಆ ದಿನ ಆಟ ನೋಡಲು ದೊಡ್ಡ ಕಂಪನಿಯ ಮೇಡಂ ಬರುವವರಿದ್ದರು. ಅವರು ಒಪ್ಪಿದರೆ ಆಟ ಊರೂರಿಗೆ ಹೋಗುತ್ತದೆ. "ಒಪ್ಪಿದ್ರೆ ನೀನೇ ಮುಖ್ಯ ಚಿತ್ರಕಾರ. ಮೊದಲನೇ ಪರದೆಯಲ್ಲಿ ನಿನ್ನ ಹೆಸರು," ಎಂದು ಯಜಮಾನರು ಮಾತು ಕೊಟ್ಟಿದ್ದರು. ಪದಕನಿಗೆ ಬೇರೇನೂ ಬೇಕಿರಲಿಲ್ಲ. ಆ ಹೆಸರನ್ನು ಅಮ್ಮನಿಗೆ ತೋರಿಸಬೇಕು, ಅಷ್ಟೇ. ಅವನ ಓದಿಗಾಗಿ ಅಮ್ಮ ವರ್ಷಗಟ್ಟಲೆ ಅವರಿವರ ಬಟ್ಟೆ ಹೊಲಿದಿದ್ದರು.

ಆಫೀಸು ಮುಟ್ಟಿದಾಗ ಚೀಲದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು, ಅಂಗಿಯ ಒಂದು ಮಗ್ಗುಲು ಹಳದಿಯಾಗಿತ್ತು.

"ಮೇಡಂ ಬರೋಕೆ ಇನ್ನೂ ಅರ್ಧ ಗಂಟೆ ಇದೆ, ತೊಳ್ಕೊಂಡು ಬಾ," ಎಂದರು ಲೆಕ್ಕದ ಅಕ್ಕ. ಕಂಪನಿಯ ಲೆಕ್ಕ ನೋಡುವುದು ಅವರ ಅರ್ಧ ಕೆಲಸ, ಉಳಿದವರ ಕೆಲಸ ನೋಡುವುದು ಇನ್ನರ್ಧ. "ಸೋಪು ಹಚ್ಚಬೇಡ, ಪೌಡರ್ ಹಚ್ಚು. ನನ್ನ ಮಾತು ಕೇಳು."

ಪೌಡರ್ ಹಚ್ಚಿದ ಮೇಲೆ ಅಂಗಿಯ ಕಲೆ ಹಿಟ್ಟಿನ ಮುದ್ದೆಯಾಯಿತು. ಅದನ್ನು ಉಜ್ಜುತ್ತಾ ಅವನು ಬಚ್ಚಲಲ್ಲಿದ್ದಾಗಲೇ ಮೇಡಂ ಇಪ್ಪತ್ತು ನಿಮಿಷ ಮೊದಲೇ ಬಂದರು. ಗಾಬರಿಯಾದ ಯಜಮಾನರು ಆಟ ಹಚ್ಚಲು ಹೇಳಿದರು. ಹೊಸ ಕತ್ತೆಯನ್ನು ಒಳಗೆ ಹಾಕುವುದು ಇನ್ನೂ ಬಾಕಿಯಿತ್ತು. ಜೀರುಂಡೆ ಹಳೆಯದನ್ನೇ ಹಚ್ಚಿದ.

ಪದಕ ಒದ್ದೆ ಅಂಗಿಯಲ್ಲಿ ಓಡಿಬಂದಾಗ ಕೋಣೆಯಲ್ಲಿ ನಗುವೋ ನಗು. ಅವನ ಚೆಂದದ ಬೆಟ್ಟಗಳ ನಡುವೆ ಐದು ಕಾಲಿನ ಪ್ರಾಣಿ ಕುಣಿಕುಣಿಯುತ್ತಾ ಹತ್ತುತ್ತಿತ್ತು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಮೇಡಂ, ದಯವಿಟ್ಟು ಕ್ಷಮಿಸಿ. ಇದು ಸುಮ್ನೆ ಜಾಗಕ್ಕೆ ಇಟ್ಟಿದ್ದು. ನಿಜವಾದ ಕತ್ತೆ ನನ್ನ ಹತ್ರ ಇದೆ," ಎಂದು ಅವನು ತನ್ನದನ್ನು ಪರದೆಗೆ ತಂದ.

ಮೇಡಂ ಬಹಳ ಹೊತ್ತು ನೋಡಿದರು. "ತುಂಬಾ ಚೆನ್ನಾಗಿದೆ," ಎಂದರು. "ಈ ಕತ್ತೆಗೆ ಮನೇಲಿ ಏನಾದ್ರೂ ತೊಂದ್ರೆನಾ?"

ಜೀರುಂಡೆ ಕೆಮ್ಮಿದ.

"ಅದರ ಭುಜದ ಎಲುಬು ನೋಡಿ ಮೇಡಂ. ಗೊರಸಿನ ಮೇಲೆ ಬಿದ್ದಿರೋ ಬೆಳಕು ನೋಡಿ. ಕಲಿಯದೆ ಇದು ಬರಲ್ಲ."

"ಖಂಡಿತ ಬರಲ್ಲ. ನಿಮ್ಮ ಬೆಟ್ಟ ಇಲ್ದಿದ್ರೆ ಇನ್ನೊಂದು ಕತ್ತೆಗೆ ನಿಲ್ಲೋಕೂ ಜಾಗ ಇರ್ತಿರ್ಲಿಲ್ಲ. ಆದ್ರೆ ಬೆಟ್ಟ ನೋಡೋಕೆ ಜನ ಆಟ ಆಡಲ್ಲ, ಆ ನಗು ನೋಡೋಕೆ ಆಡ್ತಾರೆ. ಮೇಲಿರೋ ಕೆಂಪು ಸೂರ್ಯ ನೋಡಿ, ಅಂಚಿನಲ್ಲಿರೋ ಆ ಹಳದಿ ಬೆಳಕು ನೋಡಿ, ಎಂಥ ಧೈರ್ಯ. ಇದನ್ನ ಬರೆದವರೇ ಮುಖ್ಯ ಚಿತ್ರಕಾರರಾಗ್ಬೇಕು. ಇದೇ ಕೈಯಲ್ಲಿ ಇನ್ನೂ ಇಪ್ಪತ್ತು ಪ್ರಾಣಿ ಬೇಕು." ಅವರು ಪದಕನ ಕಡೆ ತಿರುಗಿದರು. "ಇದೂ ನಿಮ್ಮದೇ ತಾನೆ?"

ಯಜಮಾನರು ಮೇಡಂ ಬೆನ್ನ ಹಿಂದಿನಿಂದ ಹೂಂ ಅನ್ನು ಎಂದು ಕಣ್ಣು ಹೊಡೆದರು. ಹೂಂ ಎಂದಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಪದಕನ ರೋಷ ನೆತ್ತಿಗೇರಿತ್ತು.

"ಇಷ್ಟು ವರ್ಷ ಕಲಿತ ಕೈ ಮೇಡಂ ಇದು. ನಿದ್ದೆಯಲ್ಲೂ ಇಂಥದ್ದನ್ನ ಬರೆಯಲ್ಲ."

ಮೇಡಂ ಕಂಪನಿಯಲ್ಲಿ ಒಂದು ನಿಯಮವಿತ್ತು. ಪ್ರತಿ ಚಿತ್ರವೂ ಯಾರದೆಂದು ಕಾಗದದಲ್ಲಿರಬೇಕು. ಗೊತ್ತಿಲ್ಲದಿದ್ದರೆ ತಮ್ಮದಲ್ಲವೆಂದು ಆಫೀಸಿನವರೆಲ್ಲ ಬರೆದುಕೊಡಬೇಕು. ಲೆಕ್ಕದ ಅಕ್ಕ ಕೂಡಲೇ ಟೈಪ್ ಮಾಡಿ ತಂದರು. ಪದಕ ಎಲ್ಲರಿಗಿಂತ ಮೊದಲು ಸಹಿ ಹಾಕಿದ. ಅದು ಸಾಲದೆಂದು ಕೆಳಗೆ ತನ್ನ ಕೈಯಾರೆ, 'ಈ ಕತ್ತೆಗೂ ನನಗೂ ಯಾವ ಸಂಬಂಧವೂ ಇಲ್ಲ' ಎಂದು ಬರೆದು ಗೆರೆ ಎಳೆದ.

ಈಗ ಬರೆದವರನ್ನು ಹುಡುಕಬೇಕಾಯಿತು. ಜೀರುಂಡೆ ತನ್ನ ಡ್ರಾಯರಿನಿಂದ ಮೂಲ ಕಾಗದ ತೆಗೆದ. ಲೆಕ್ಕದ ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಗಿಗೂ ಹಿಡಿದರು.

"ಇದು ಹಳದಿ ಬೆಳಕಲ್ಲ ಮೇಡಂ, ಒಗ್ಗರಣೆ ಎಣ್ಣೆ. ಡಬ್ಬಿ ಇಟ್ಟ ಗುರುತು. ಎಲ್ರೂ ನಿಮ್ಮ ನಿಮ್ಮ ಡಬ್ಬಿ ತನ್ನಿ."

ಡಬ್ಬಿಗಳು ಸಾಲಾಗಿ ಬಂದವು. ಯಜಮಾನರದು ಗುರುತಿಗಿಂತ ದೊಡ್ಡದಾಯಿತು. ಜೀರುಂಡೆಯದು ಚೌಕ. ಅಕ್ಕನದು ಇಷ್ಟೇ ಇಷ್ಟು. ತಾನು ಕಡಿಮೆ ಉಣ್ಣುತ್ತೇನೆಂದು ಎಲ್ಲರಿಗೂ ತೋರಿಸುವ ಅವಕಾಶವನ್ನು ಅವರು ಬಿಡಲಿಲ್ಲ. ಕೊನೆಗೆ ಬಚ್ಚಲಲ್ಲಿ ನೆನೆಹಾಕಿದ್ದ ಪದಕನ ಡಬ್ಬಿಯನ್ನು ತಂದು ಕಾಗದದ ಮೇಲೆ ಇಟ್ಟರು. ಡಬ್ಬಿಯ ಒಂದು ಬದಿ ನೆಗ್ಗಿತ್ತು. ಎಣ್ಣೆಯ ಗುರುತೂ ಅದೇ ಬದಿಗೆ ನೆಗ್ಗಿತ್ತು.

"ನಿಮ್ಮ ಮನೆ ಕಾಗದ," ಎಂದರು ಅಕ್ಕ.

ಪದಕ ಫೋನ್ ಮಾಡಿದ. ಎಲ್ಲರಿಗೂ ಕೇಳಲೆಂದು ಅಕ್ಕ ತಾವೇ ಸ್ಪೀಕರ್ ಒತ್ತಿದರು.

"ಅಮ್ಮ, ಡಬ್ಬಿ ಕೆಳಗೆ ಯಾವ ಕಾಗದ ಹಾಕ್ತಿದ್ದೆ?"

"ನಿನ್ನ ಹಳೇ ನೋಟ್‌ಬುಕ್ಕಿಂದು ಕಣೋ. ಒಂದನೇ ಕ್ಲಾಸಿನ ಡ್ರಾಯಿಂಗ್ ಪುಸ್ತಕ. ಯಾಕೆ, ಸೋರ್ತಾ?"

ಎಲ್ಲರೂ ಪದಕನ ಕಡೆ ತಿರುಗಿದರು. ಆ ನೋಟ್‌ಬುಕ್ ತಗೊಂಡು ಈಗಲೇ ಬರಬೇಕೆಂದು ಮೇಡಂ ಫೋನಿಗೆ ಬಾಗಿ ಕೇಳಿಕೊಂಡರು. ಅಮ್ಮ ಹೊಲಿಗೆ ಅರ್ಧಕ್ಕೆ ಬಿಟ್ಟು, ಕುತ್ತಿಗೆಯಲ್ಲಿದ್ದ ಅಳತೆ ಪಟ್ಟಿಯ ಸಮೇತ ಮುಕ್ಕಾಲು ಗಂಟೆಯಲ್ಲಿ ಬಂದರು. ನೋಟ್‌ಬುಕ್ಕಿನ ರಟ್ಟಿನ ಮೇಲೆ ಪದಕನ ಹೆಸರಿತ್ತು. ಹರಿದ ಹಾಳೆಯ ಅಂಚು ಒಳಗಿನ ಹರುಕಿಗೆ ಸರಿಯಾಗಿ ಕೂತಿತು.

"ಮತ್ತೆ ಈ ಕೆಂಪು ಸೂರ್ಯ?" ಎಂದರು ಮೇಡಂ.

"ಸೂರ್ಯ ಅಲ್ಲಮ್ಮ, ಸೊನ್ನೆ. ಡ್ರಾಯಿಂಗ್ ಟೀಚರ್ ಕೊಟ್ಟಿದ್ದು. ಅವತ್ತು ಇವನು ಊಟ ಬಿಟ್ಟು ಅತ್ತ. ಅದಕ್ಕೇ ಮಾರನೇ ದಿನ ಚಿತ್ರದ ಪಾಠಕ್ಕೆ ಸೇರಿಸಿದ್ದು."

ಪದಕನ ಮುಖ ಅರಳಿತು. ತನ್ನದು, ತನ್ನದೇ ಕತ್ತೆ. ಮೊದಲ ಪರದೆ ಮತ್ತೆ ಕಣ್ಣಮುಂದೆ ಬಂತು, ಅದರಲ್ಲಿ ತನ್ನ ಹೆಸರೂ ಬಂತು.

"ಮೇಡಂ, ಈಗ ಎಲ್ಲ ನೆನಪಾಗ್ತಿದೆ," ಎಂದು ಶುರುಮಾಡಿದ. "ನಮ್ಮ ಬೀದೀಲಿ ಒಂದು ಕತ್ತೆ ಇತ್ತು. ನಾನು ಗಂಟೆಗಟ್ಟಲೆ ಅದನ್ನೇ ನೋಡ್ತಾ ಕೂರ್ತಿದ್ದೆ. ಈ ಐದನೇ ಕಾಲು ಸುಮ್ನೆ ಬರೆದಿದ್ದಲ್ಲ. ಅದು ಕತ್ತೆಯ ಓಟ. ಆ ವಯಸ್ಸಿಗೇ ನನಗೆ ಅದು ಹೊಳೆದಿತ್ತು."

"ನೀವು ಬರೆದುಕೊಟ್ಟ ಕಾಗದ?"

"ಹರಿದು ಹಾಕಿ ಮೇಡಂ."

"ಹರಿಯೋಣ. ಮೊದಲು ಅದೇ ಕೈಯಲ್ಲಿ ಇನ್ನೊಂದು ಬರ್ದು ತೋರಿಸಿ."

ಪದಕ ಪೆನ್ಸಿಲ್ ಹಿಡಿದ. ಬಂದದ್ದು ನಾಲ್ಕು ಕಾಲಿನ, ಎಲುಬು ಎಲುಬೂ ಸರಿಯಿರುವ ಕತ್ತೆ. ಎಡಗೈಯಲ್ಲಿ ಬರೆದ. ಅದಕ್ಕೂ ಭುಜ ಸರಿಯಾಗಿಯೇ ಬಂತು. ಲೆಕ್ಕದ ಅಕ್ಕ ತಮ್ಮ ಕರ್ಚೀಫಿನಿಂದ ಅವನ ಕಣ್ಣು ಕಟ್ಟಿದರು. ಈ ಸಲ ಗೊರಸಿನ ಮೇಲೆ ಬೆಳಕೂ ಬಿತ್ತು. ಐದನೆಯ ಕಾಲು ಎಳೆಯಲು ಹೋದರೆ ಬೆರಳು ತಾನಾಗಿ ನಿಲ್ಲುತ್ತಿತ್ತು. ಮೇಜಿನ ತುಂಬ ಮುಖ ಸಪ್ಪಗಿರುವ ಕತ್ತೆಗಳು ಬಿದ್ದವು.

ಅಮ್ಮ ಒಂದಷ್ಟು ಹೊತ್ತು ಸೆರಗಿನ ತುದಿ ತಿರುವುತ್ತಾ ನಿಂತಿದ್ದರು. ಕೊನೆಗೆ ತಡೆಯಲಾಗಲಿಲ್ಲ.

"ಬಿಡೋ, ಪಾಪ ಯಾಕೆ ಒದ್ದಾಡ್ತೀಯ. ಅದನ್ನ ಬರೆದಿದ್ದು ನಾನು."

"ಅಮ್ಮಾ?"

"ಮಾರನೇ ದಿನ ಹೋಂವರ್ಕ್ ಕೊಡಬೇಕಿತ್ತು. ನೀನು ನನ್ನ ತೊಡೆ ಮೇಲೆ ನಿದ್ದೆ ಹೋಗಿದ್ದೆ, ಎಬ್ಬಿಸೋಕೆ ಮನಸ್ಸಾಗ್ಲಿಲ್ಲ. ನಾನೇ ಗೀಚಿದೆ. ಸೊನ್ನೆ ಬಂತು. ನೀನು ಅಳೋದು ನೋಡಿ ನನಗೆ ಎಷ್ಟು ನಾಚಿಕೆ ಆಯ್ತು ಅಂದ್ರೆ, ಇವತ್ತಿನವರೆಗೂ ಯಾರಿಗೂ ಹೇಳಿಲ್ಲ."

ಇಷ್ಟು ವರ್ಷದ ಪಾಠ, ಕಲಾಶಾಲೆ, ಪದಕ ಎಲ್ಲವೂ ಅಮ್ಮನಿಗೆ ಬಂದ ಸೊನ್ನೆಗೆ ಮಗ ಕಟ್ಟಿದ ದಂಡವಾಗಿತ್ತು. ಪದಕ ಕುರ್ಚಿ ಹುಡುಕಿ ಕೂತ.

"ಹಾಗಾದ್ರೆ ಆ ಐದನೇ ಕಾಲು?" ಎಂದರು ಮೇಡಂ.

"ನಿದ್ದೆಯಲ್ಲಿ ಇವನು ಒದ್ದ. ಪೆನ್ಸಿಲ್ ಜಾರ್ತು. ಇನ್ನೊಂದು ವಿಷಯ ಮೇಡಂ, ಅದು ಕತ್ತೆ ಅಂತ ಯಾರು ಹೇಳಿದ್ದು? ಮೊಲ ಅದು. ಕಿವಿ ನೋಡಿದ್ರೆ ಗೊತ್ತಾಗಲ್ವಾ?"

ಮೇಡಂ ಪೆನ್ಸಿಲನ್ನು ಅಮ್ಮನ ಕೈಗೆ ಕೊಟ್ಟರು. ಅಮ್ಮ ಹೊಲಿಯುವ ಬಟ್ಟೆಗೆ ಗುರುತು ಹಾಕುವಷ್ಟು ಸಲೀಸಾಗಿ ಒಂದು ಕೋಳಿ ಗೀಚಿದರು. ಕೋಳಿಗೆ ಹಲ್ಲಿತ್ತು. ಕೋಳಿ ನಗುತ್ತಿತ್ತು. ಕೋಣೆಯಲ್ಲಿದ್ದವರೆಲ್ಲ ನಕ್ಕರು, ಎಲ್ಲರಿಗಿಂತ ಕೊನೆಗೆ, ಎಷ್ಟು ತಡೆದರೂ ಆಗದೆ, ಪದಕನೂ ನಕ್ಕ. ಅವನ ನಾಲ್ಕು ತಿಂಗಳ ಕತ್ತೆಯನ್ನು ನೋಡಿ ಯಾರೂ ಹಾಗೆ ನಕ್ಕಿರಲಿಲ್ಲ, ಅವನೂ ನಕ್ಕಿರಲಿಲ್ಲ.

ಸಂಜೆಯ ಹೊತ್ತಿಗೆ ಎಲ್ಲ ಕಾಗದಕ್ಕಿಳಿಯಿತು. ಪದಕ ಸಹಿ ಹಾಕಿದ್ದ ಕಾಗದವನ್ನು ಯಾರೂ ಹರಿಯಲಿಲ್ಲ. ಅದರಲ್ಲಿದ್ದದ್ದೆಲ್ಲ ಸತ್ಯವೇ ಆಗಿತ್ತು. ಮೇಡಂ ನ್ಯಾಯವಂತರು, ಯಾರ ಪಾಲನ್ನೂ ಬಿಡುವವರಲ್ಲ. ಮೊದಲನೆಯ ಪರದೆಯಲ್ಲಿ 'ಮುಖ್ಯ ಚಿತ್ರಕಾರರು' ಎಂಬುದರ ಎದುರು ಅಮ್ಮನ ಹೆಸರು ಬಂತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಬೆಟ್ಟ ಮತ್ತು ಐದನೆಯ ಕಾಲು' ಎಂಬುದರ ಎದುರು ಪದಕನ ಹೆಸರೂ ಬಂತು.

"ನಾಳೆಯಿಂದ ಅಮ್ಮನ ಕೈಕೆಳಗೆ ಕೆಲಸ ಕಲಿತ್ಕೋ," ಎಂದರು ಯಜಮಾನರು ಅವನ ಬೆನ್ನು ತಟ್ಟಿ.

ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತರು. ಎರಡು ನಿಲ್ದಾಣ ದಾಟಿದ ಮೇಲೆ ಮಗನ ಕಡೆ ತಿರುಗಿದರು.

"ಬೇಜಾರಾ?"

"ಇಲ್ಲಮ್ಮ," ಎಂದ. ನಿಜವಾಗಿಯೂ ಅಷ್ಟೇನೂ ಇರಲಿಲ್ಲ. "ಪರದೆ ಮೇಲೆ ಹೆಸರು ತೋರಿಸ್ಬೇಕು ಅಂದ್ಕೊಂಡಿದ್ದೆ, ತೋರಿಸಿದೆ."

"ಬೆಳಿಗ್ಗೆ ಒಂಬತ್ತಕ್ಕೆ ಮೀಟಿಂಗ್ ಅಂತೆ. ನನಗೆ ಅಡುಗೆಮನೇಲಿ ನಿಲ್ಲೋಕೆ ಆಗಲ್ಲ. ಇಬ್ಬರ ಡಬ್ಬಿನೂ ನೀನೇ ಕಟ್ಟು." ಅಮ್ಮ ಕೈಚೀಲದಲ್ಲಿ ಹುಡುಕಿ, ಆಫೀಸಿನ ಮೇಜಿನಿಂದ ಎತ್ತಿಕೊಂಡು ಬಂದಿದ್ದ ಒಂದು ಕಂತೆ ಕಾಗದ ತೆಗೆದು ಅವನ ಮಡಿಲಲ್ಲಿಟ್ಟರು. ಬಲಗೈಯದು, ಎಡಗೈಯದು, ಕಣ್ಣು ಕಟ್ಟಿ ಬರೆದದ್ದು, ಎಲ್ಲ ಕತ್ತೆಗಳೂ ಇದ್ದವು. "ಮುಚ್ಚಳ ಸಡಿಲ ಇದೆ. ಕೆಳಗೆ ಇದನ್ನ ಹಾಸೋದು ಮರೀಬೇಡ."