ಹಲ್ಲುಸೆಟ್ಟಿನ ಹುಡುಗ, ಬಾಡಿಗೆಯ ಹುಡುಗಿ

ಹಲ್ಲುನೋವಿನವರು ನಮ್ಮ ಕ್ಲಿನಿಕ್ಕಿಗೆ ಮೊದಲೇ ಫೋನ್ ಮಾಡಿ ಬರುತ್ತಾರೆ. ನಗೆಪಾಟಲಿನ ಸಂಗತಿಗಳು ಮಾತ್ರ ಹೇಳದೆ ಕೇಳದೆ ಬಂದು ಕೂತುಬಿಡುತ್ತವೆ. ಗಲ್ಫಿನ ಅಲ್ ಮವಾಲೇಹ್‌ನ ಈ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಇಷ್ಟು ವರ್ಷ ಕೂತು ನಾನು ಕಂಡುಕೊಂಡದ್ದು ಇಷ್ಟೇ. ಈ ಸಲದ್ದು ಶುರುವಾದದ್ದು ಮಾತ್ರ ನಮ್ಮ ಮನೆಯಲ್ಲಿ, ಒಂದು ಜಪಾನಿ ಪುಸ್ತಕದಿಂದ.

ತಪಾಸಣೆ

ನಮ್ಮ ಮಗಳಿಗೆ ಜಪಾನಿನ ಪ್ರೇಮ ಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ಓದುವ ಹುಚ್ಚು. ಮುಖಕ್ಕಿಂತ ಕಣ್ಣೇ ದೊಡ್ಡದಾದ ಹುಡುಗಿಯ ಚಿತ್ರವಿದ್ದ ಒಂದು ಪುಸ್ತಕ ನಮ್ಮವರ ಕೈಗೆ ಸಿಕ್ಕಿತು. ಹಿಂಬದಿ ಓದಿ ಹೌಹಾರಿದರು.

"ಮನೆಯವರಿಗೆ ತೋರಿಸ್ಲಿಕ್ಕೆ ಇವ ಪ್ರೇಯಸಿಯನ್ನು ಬಾಡಿಗೆಗೆ ತರ್ತಾನಂತೆ! ಎಂತ ಪುಸ್ತಕ ಇದು?"

"ಪಪ್ಪಾ, ಚಿಲ್. ಇದು ಲೈಟ್ ನಾವೆಲ್."

"ಇದು ಲೈಟಾದರೆ ಹೆವಿ ಹೇಗಿರಬಹುದು?" ಎಂದವರು ತಪಾಸಣೆ ಮಾಡುತ್ತೇನೆಂದು ಪುಸ್ತಕ ಕಿತ್ತುಕೊಂಡರು. ತಪಾಸಣೆ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ನಡೆಯಿತು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, ಗಂಭೀರವಾಗಿ ಮಗಳನ್ನು ಕೇಳಿದರು: "ಎರಡನೇ ಭಾಗ ಉಂಟಾ?"

ಒಪ್ಪಂದ

ಅಂಥದ್ದೇನಿದೆ ಎಂದು ನಾನೂ ಆ ಪುಸ್ತಕವನ್ನು ಕ್ಲಿನಿಕ್ಕಿಗೆ ಒಯ್ದೆ. ಅದು ನಮ್ಮಲ್ಲಿ ಹಲ್ಲುಸೆಟ್ಟು ತಯಾರಿಸುವ ಪುತ್ತೂರಿನ ಹುಡುಗನ ಕಣ್ಣಿಗೆ ಬಿತ್ತು. ಅವನ ತಾಯಿ ವಿಸಿಟ್ ವೀಸಾದಲ್ಲಿ ಬರುವವರಿದ್ದರು, ಬ್ಯಾಗಿನ ತುಂಬ ಹುಡುಗಿಯರ ಫೋಟೊ ಹಿಡಿದುಕೊಂಡು. ಊಟದ ಹೊತ್ತಿನಲ್ಲಿ ಪುಸ್ತಕ ಓದಿದವನೇ ನೇರ ನಮ್ಮ ನರ್ಸಿನ ಮುಂದೆ ನಿಂತ. ಆಕೆ ಮೈಸೂರಿನವಳು, ಬಾಯಿ ಸ್ವಲ್ಪ ಜೋರು.

"ಅಮ್ಮ ಇಲ್ಲಿರುವಷ್ಟು ದಿನ ನನ್ನನ್ನು ಪ್ರೀತಿಸಿದ ಹಾಗೆ ಮಾಡ್ತೀರಾ?"

ಅವಳು ಕೈಯಲ್ಲಿದ್ದ ಟ್ರೇ ಕೂಡ ಕೆಳಗಿಡಲಿಲ್ಲ. "ದಿನಾ ಕಾರಲ್ಲಿ ಪಿಕಪ್ಪು, ಡ್ರಾಪು. ಹಾಡು ನಾನು ಹೇಳಿದ್ದೇ ಹಾಕ್ಬೇಕು. ಚಿನ್ನ ರನ್ನ ಅನ್ನೋ ಹಾಗಿಲ್ಲ. ಕೈ ಹಿಡಿಯೋ ಹಾಗಂತೂ ಇಲ್ವೇ ಇಲ್ಲ."

"ಸುಳ್ಳು ಹೇಳಿ ಸಿಕ್ಕಿಬೀಳ್ತೀಯ ಮಾರಾಯ" ಎಂದೆ ನಾನು.

"ನಾನು ದಿನಾ ಮಾಡುವುದೇ ಸುಳ್ಳು ಹಲ್ಲು ಅಕ್ಕ. ಯಾರಾದ್ರೂ ಗುರುತು ಹಿಡಿದಿದ್ದಾರಾ?" ಎಂದವನು ಅವಳತ್ತ ತಿರುಗಿ, "ಆದರೆ ಕೈಯೂ ಹಿಡಿಯದೆ ಅಮ್ಮ ನಂಬುವುದು ಹೇಗೆ?" ಎಂದ.

"ಬೈತೀನಿ" ಎಂದಳು. "ನಂಬ್ತಾರೆ."

ಕೊಡೆ

ತಾಯಿ ಬಂದರು. ಅವರನ್ನೂ ಈ ಜೋಡಿಯನ್ನೂ ಊಟಕ್ಕೆ ಕರೆದೆ. ಕೋರಿರೊಟ್ಟಿ ಮುರಿಯುತ್ತ ಆ ತಾಯಿ, "ನೀವಿಬ್ಬರು ಪರಿಚಯ ಆದದ್ದು ಹೇಗೆ?" ಎಂದು ಕೇಳಿದರು.

ಒಂದೇ ಕ್ಲಿನಿಕ್ಕು ಎಂದಿದ್ದರೆ ಮುಗಿಯುತ್ತಿತ್ತು. ಇವನ ತಲೆಯಲ್ಲಿ ಜಪಾನು.

"ಜೋರು ಮಳೆಯಮ್ಮ. ಇಬ್ಬರಿಗೂ ಒಂದೇ ಕೊಡೆ..."

ಆ ತಾಯಿ ಕಿಟಕಿಯತ್ತ ನೋಡಿದರು. ಹೊರಗೆ ಕಾಗೆಯೂ ಕೂರದಂಥ ಬಿಸಿಲು. "ಮಳೆ ಯಾವ ಊರಲ್ಲಿ?"

"ಇಲ್ಲೇ."

ನರ್ಸು ನಡುವೆ ಬಾಯಿ ಹಾಕಿದಳು. "ಅಯ್ಯೋ ಇವ್ರ ತಲೆ! ಅದು ಬಿಸಿಲಿಗೆ ಹಿಡಿದಿದ್ದ ಛತ್ರಿ ಅಮ್ಮ. ಮೇಲಿನ ಮನೆಯವರ ಎಸಿ ನೀರು ತೊಟ್ಟಿಕ್ತು, ಇವ್ರು ಮಳೆ ಅಂದ್ಕೊಂಡ್ರು."

"ಪುಸ್ತಕದಲ್ಲಿ ಹೀಗಿಲ್ಲವಲ್ಲ" ಎಂದು ನಮ್ಮವರು ಬಾಯಿ ತೆರೆದರು. ತೆರೆದ ಬಾಯಿಗೆ ನಾನು ಕೋಳಿಕಾಲು ತುರುಕಿದೆ.

ಮತ್ರಾ

ಮಾರನೆಯ ವಾರ ಎಲ್ಲರೂ ಮತ್ರಾದ ಹಳೇ ಪೇಟೆಗೆ ಹೋದೆವು. ಆ ಇಕ್ಕಟ್ಟು ಓಣಿಯಲ್ಲಿ ನರ್ಸು, "ಅಮ್ಮ ಚೀಲ ಹೊತ್ಕೊಂಡಿದ್ದಾರೆ, ನೀವು ಕೈ ಬೀಸ್ಕೊಂಡು ಬರ್ತಿದ್ದೀರಲ್ಲ!" ಎಂದು ಎಲ್ಲರೆದುರು ಗದರಿದಳು. ಹುಡುಗ ಚೀಲಗಳನ್ನೆಲ್ಲ ಹೇರಿಕೊಂಡು, ಬೆವರು ಸುರಿಸುತ್ತ ನನ್ನ ಪಕ್ಕಕ್ಕೆ ಬಂದ.

"ಅಕ್ಕ, ಅವಳು ಬೈದರೆ ಯಾಕೋ ಖುಷಿ ಆಗ್ತದೆ. ಬಿಸಿಲು ತಲೆಗೆ ಹತ್ತಿತಾ?"

"ಹತ್ತಿದ್ದು ಬಿಸಿಲಲ್ಲ" ಎಂದೆ. "ನೀರು ಕುಡಿದರೆ ಇಳಿಯುವಂಥದ್ದೂ ಅಲ್ಲ."

ವಿಮಾನ ನಿಲ್ದಾಣ

ತಾಯಿ ಹೊರಡುವ ದಿನ ಹುಡುಗನ ಮುಖ ಬಾಡಿ ಹೋಗಿತ್ತು. ಟ್ರಾಲಿ ಹಿಡಿದುಕೊಂಡೇ ತಡವರಿಸಿದ. "ಅಮ್ಮಾ, ಒಂದು ವಿಷಯ... ಇದೆಲ್ಲ ನಾಟಕ. ಇವರನ್ನು ನಾನೇ ಗೊತ್ತು ಮಾಡಿದ್ದು."

ನರ್ಸು ತಲೆ ತಗ್ಗಿಸಿದಳು. ಆ ತಾಯಿ ಮಾತ್ರ ಪಾಸ್‌ಪೋರ್ಟನ್ನು ತಣ್ಣಗೆ ಪರ್ಸಿಗೆ ಸೇರಿಸಿದರು.

"ಬಂದ ದಿನವೇ ಗೊತ್ತಾಗಿದೆ. ನಿನ್ನನ್ನು ಹೆತ್ತವಳು ನಾನು. ಇಂಥ ಹುಡುಗಿ ನಿನಗೆ ಪುಕ್ಕಟೆ ಸಿಗ್ತಾಳಾ?"

"ಮತ್ತೆ ಯಾಕೆ ಸುಮ್ಮನಿದ್ದೆ?"

"ಇವಳು ಬರ್ತಾಳೆ ಅಂತ ನೀನು ದಿನಾ ಸ್ನಾನ ಮಾಡ್ತಿದ್ದೆ. ಅಂಗಿಗೆ ಇಸ್ತ್ರಿ ಹಾಕ್ತಿದ್ದೆ. ಉಂಡ ಬಟ್ಟಲನ್ನು ನೀನೇ ತೊಳೀತಿದ್ದೆ. ನಾನು ಇಷ್ಟು ವರ್ಷ ಬೊಬ್ಬೆ ಹೊಡೆದರೂ ಆಗದ್ದು. ನಡೀತಿರುವುದನ್ನು ಯಾಕೆ ನಿಲ್ಲಿಸಬೇಕು?"

ಹಾಗೆಂದು ನರ್ಸಿನ ಕೈ ಹಿಡಿದುಕೊಂಡರು. "ನೋಡು ಮಗಳೇ, ಇವನ ಹತ್ತಿರ ಮಾತಾಡಿಕೊಂಡದ್ದು ಇವತ್ತಿಗೆ ಖಲಾಸ್. ನಾಳೆಯಿಂದ ನನ್ನ ಲೆಕ್ಕದಲ್ಲಿ ಮುಂದುವರಿಸು. ಸಂಬಳ ಕೊಡ್ಲಿಕ್ಕೆ ನನ್ನ ಹತ್ತಿರ ಇಲ್ಲ. ಊರಿಂದ ಬರುವವರ ಕೈಯಲ್ಲಿ ಹಪ್ಪಳ ಕಳಿಸ್ತೇನೆ."

ಹುಡುಗನ ಕಿವಿ ಕೆಂಪಾಯಿತು. ನರ್ಸು ಹುಳುಕು ಹಲ್ಲನ್ನು ನೋಡುವ ಹಾಗೆ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಇಡಬಹುದೋ, ಕೀಳಬೇಕೋ ಎಂದು ಲೆಕ್ಕ ಹಾಕುತ್ತಿದ್ದಳೇನೋ. ಆಮೇಲೆ ಆ ತಾಯಿಯತ್ತ ತಿರುಗಿ ಕೇಳಿದಳು:

"ಹಲಸಿನದಾ ಅಮ್ಮ, ಉದ್ದಿನದಾ?"