ತಟ್ಟೆಯಕ್ಕ ಕೇಳಲು ಹೋದ ಸದ್ದು

ಆವತ್ತಿನ ಎಡವಟ್ಟಿಗೆಲ್ಲ ಮೂಲ ಲೇತ್ ಯಂತ್ರ ನಡೆಸುವ ಲೇತಣ್ಣನ ಒಳ್ಳೆಯತನ. ಬೆಳಗ್ಗೆ ಎಲ್ಲರಿಗಿಂತ ಮೊದಲು ವರ್ಕ್‌ಶಾಪಿಗೆ ಬಂದವನು, ತಟ್ಟೆಯಕ್ಕನಿಗೊಂದು ಉಪಕಾರವಾಗಲಿ ಎಂದು, ಅವಳು ವಾರವಿಡೀ ಜತನದಿಂದ ಮಾಡಿಟ್ಟಿದ್ದ ಮೂರು ತಟ್ಟೆಗಳಲ್ಲಿ ದೊಡ್ಡದರ ಬೆನ್ನಿಗೆ ಕೊಕ್ಕೆಯೊಂದನ್ನು ವೆಲ್ಡಿಂಗ್ ಮಾಡಿಬಿಟ್ಟಿದ್ದ.

ತಟ್ಟೆಯೆಂದರೆ ಊಟದ್ದಲ್ಲ. ಸಾವಿರ ಮೀಟರ್ ಆಚೆಯಿಂದ ರೈಫಲ್ಲಿನವರು ಗುರಿಯಿಟ್ಟು ಹೊಡೆಯಲೆಂದು ಮಾಡುವ, ಅರ್ಧ ಇಂಚು ದಪ್ಪದ ಗಟ್ಟಿ ಉಕ್ಕಿನ ದುಂಡು ಹಲಗೆ. ಕಾವು ತಾಗಿದರೆ ಅದರ ಗಟ್ಟಿತನ ಹೋಗುತ್ತದೆಂದು ಅವಳು ಉಕ್ಕನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟೇ ಕತ್ತರಿಸುತ್ತಿದ್ದಳು. ಅಂಥದ್ದಕ್ಕೆ ಈ ಪುಣ್ಯಾತ್ಮ ನೇರ ಬೆಂಕಿಯನ್ನೇ ಇಟ್ಟಿದ್ದ. ಅವಳು ಸುತ್ತಿಗೆ ತಗೊಂಡು ತಟ್ಟಿ ನೋಡಿದಳು. ಎರಡು ತಟ್ಟೆ ಠಣ್ಣೆಂದವು. ಮೂರನೆಯದು ಒದ್ದೆ ದಿಂಬಿಗೆ ಗುದ್ದಿದಂತೆ ದಪ್ಪೆಂದಿತು.

"ನೇತು ಹಾಕೋಕೆ ಬೇಕಾಗುತ್ತಲ್ಲ ಅಂತ ಹಾಕ್ದೆ ಅಕ್ಕ. ಆನೆ ಕಟ್ಟಿದ್ರೂ ಬಿಚ್ಚಲ್ಲ."

"ಆನೆ ಕಟ್ಟೋಕಲ್ಲಪ್ಪ ನಾನಿದನ್ನ ಮಾಡಿದ್ದು," ಎಂದಳು ತಟ್ಟೆಯಕ್ಕ. ಕಣ್ಣಲ್ಲಿ ನೀರು ಬಂದಿತ್ತು.

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದಳೇನೋ. ಆದರೆ ಇವತ್ತು ಹನ್ನೊಂದು ವರ್ಷದ ಆಸೆಯ ದಿನ. ಶೂಟಿಂಗ್ ಕ್ಲಬ್ಬಿನವರು ಪ್ರತಿವರ್ಷ ಸ್ಪರ್ಧೆಗೆ ಮುಂಚೆ ಮೂರು ತಟ್ಟೆ ಮಾಡಿಸಿಕೊಂಡು ಹೋಗುತ್ತಿದ್ದರು. ಮೊದಲ ವರ್ಷ ಒಯ್ಯಲು ಬಂದಿದ್ದ ಮುದುಕರೊಬ್ಬರು ಹೇಳಿದ್ದರು: ಗುಂಡು ಹಾರಿದ ಮೇಲೆ ಏನೂ ಇಲ್ಲ, ಬರೀ ಮೌನ, ಉಸಿರು ಬಿಗಿಹಿಡಿದು ನಾಲ್ಕರವರೆಗೆ ಎಣಿಸಿದರೆ, ಆಮೇಲೆ ಅಷ್ಟು ದೂರದಿಂದ ತಟ್ಟೆಯ ಸದ್ದು ಬರುತ್ತದೆ. ಆ ಮಾತು ಅವಳ ಎದೆಯೊಳಗೆ ಕೂತುಬಿಟ್ಟಿತು. ಇಪ್ಪತ್ತಾರು ವರ್ಷದಿಂದ ಅವಳು ಅಡುಗೆಮನೆಯಿಂದ ನಡುಮನೆಗೆ ಮಾತು ಕಳಿಸುತ್ತಲೇ ಇದ್ದಳು. ಅಲ್ಲಿ ಕೂತ ಗಂಡನಿಗೆ ಅವುಗಳಲ್ಲಿ ಒಂದಾದರೂ ತಾಗಿದ ಸದ್ದು ವಾಪಸು ಬಂದದ್ದಿಲ್ಲ. ತಾನು ಮಾಡಿದ ತಟ್ಟೆಯಾದರೂ ಅಷ್ಟು ದೂರದಿಂದ ಉತ್ತರ ಕೊಡುವುದನ್ನು ಒಮ್ಮೆ, ಒಂದೇ ಒಂದು ಸಲ ಕೇಳಬೇಕು. ಈ ವರ್ಷ ಧೈರ್ಯ ಮಾಡಿ, ತಟ್ಟೆಗಳನ್ನು ತಾನೇ ಒಯ್ಯುತ್ತೇನೆಂದು ಮಾಲೀಕರನ್ನು ಒಪ್ಪಿಸಿದ್ದಳು.

ಹೊಸ ತಟ್ಟೆ ಕತ್ತರಿಸಲು ಎರಡು ತಾಸು ಹಿಡಿಯಿತು. ಲೇತಣ್ಣ ಪಕ್ಕದಲ್ಲೇ ನಿಂತು ಇನ್ನೇನಾದರೂ ಸಹಾಯ ಬೇಕಾ ಎಂದು ಹನ್ನೆರಡು ಸಲ ಕೇಳಿದ. ದೂರ ನಿಂತಿದ್ದರೆ ಅದೇ ಸಹಾಯ ಎಂದಳು. ಅಂಚು ಉಜ್ಜಿ, ಬಿಳಿ ಬಣ್ಣ ಬಳಿದು, ಹಸಿಯಾಗಿರುವಾಗಲೇ ಗಾಡಿಗೆ ಹಾಕಿಕೊಂಡು ಹೊರಟಳು.

ಬೀದಿಯ ತಿರುವಿನಲ್ಲಿ ಪಕ್ಕದ ಮನೆಯಾಕೆ ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದಳು. ಹಲ್ಲಿನ ಡಾಕ್ಟರ ಹತ್ತಿರ ಇಳಿಸಿ ಹೋಗಬೇಕಂತೆ. ನೋಡಿಕೊಂಡು ಕೂತ್ಕೊಳ್ಳಿ ಎನ್ನುವುದರೊಳಗೆ ಹಸಿ ಬಣ್ಣದ ತಟ್ಟೆಯ ಮೇಲೇ ಕೂತಾಗಿತ್ತು. ಡಾಕ್ಟರ ಬಾಗಿಲಲ್ಲಿ ಆಕೆ ಇಳಿದು ಹೋಗುವಾಗ ಸೀರೆಯ ಹಿಂಭಾಗದಲ್ಲಿ ಹುಣ್ಣಿಮೆ ಚಂದ್ರ ಮೂಡಿದ್ದ. ಕರೆದು ಹೇಳಿದರೆ ಇನ್ನೊಂದು ತಾಸು ಹೋಗುತ್ತದೆಂದು ತಟ್ಟೆಯಕ್ಕ ಮುಖ ತಿರುಗಿಸಿ ತಟ್ಟೆಗೆ ಮತ್ತೆ ಬಣ್ಣ ಬಳಿದಳು. ಅಷ್ಟರಲ್ಲಿ ಗಂಡನ ಫೋನು: ಕನ್ನಡಕ ಎಲ್ಲಿ? ನಿಮ್ಮ ಹಣೆ ಮೇಲೆ ನೋಡಿ ಎಂದಳು. ಫೋನು ಕಟ್ಟಾಯಿತು.

ಮೈದಾನ ಮುಟ್ಟಿದಾಗ ಕೊನೆಯ ಸುತ್ತು ನಡೆದಿತ್ತು. ಕ್ಲಬ್ಬಿನ ಕಾರ್ಯದರ್ಶಿ ಹೆಂಗಸು ತಟ್ಟೆಗಳನ್ನು ಮಗು ಎತ್ತಿಕೊಂಡಂತೆ ಎತ್ತಿಸಿ ಒಳಗಿಡಿಸಿದಳು. ಅಲ್ಲಿ ಹೊರಗೆ ನೇತಾಡುತ್ತಿರುವುದು ತನ್ನ ಹೋದ ವರ್ಷದ ತಟ್ಟೆಗಳಿರಬೇಕು ಎಂದುಕೊಂಡು ತಟ್ಟೆಯಕ್ಕ ಬೇಲಿ ಹಿಡಿದು ನಿಂತಳು. ಯಾರೋ ಅವಳ ಕಿವಿಗೆ ಸದ್ದು ತಡೆಯುವ ದಪ್ಪ ಮುಚ್ಚಳ ಹಾಕಿದರು. ಬೋರಲಾಗಿ ಮಲಗಿದ್ದ ಎತ್ತರದ ಮನುಷ್ಯ ಗುಂಡು ಹಾರಿಸಿದ. ನೆಲ ನಡುಗಿತು. ಅವಳು ತಟ್ಟನೆ ಮುಚ್ಚಳ ತೆಗೆದಳು. ಒಂದು. ಎರಡು. ಮೂರು. ನಾಲ್ಕು.

ಬಂತು. ದೂರದ ಮನೆಯಲ್ಲಿ ಯಾರೋ ಚಮಚದಿಂದ ಲೋಟದ ಅಂಚಿಗೆ ತಟ್ಟಿದಷ್ಟು ಸಣ್ಣದಾಗಿ, ಅಷ್ಟೇ ಸ್ಪಷ್ಟವಾಗಿ, ಠಿಣ್.

ತಟ್ಟೆಯಕ್ಕ ಪಕ್ಕದಲ್ಲಿದ್ದ ಕಾರ್ಯದರ್ಶಿಯ ಕೈ ಹಿಡಿದುಕೊಂಡು ಕೇಳಿದಳು, "ಹೋದ ವರ್ಷದ್ದಾ ಮೇಡಂ? ಅಥವಾ ಅದರ ಹಿಂದಿನದ್ದಾ?"

"ಯಾವುದು? ಅದಾ? ಅದು ಮಣ್ಣು ತೋಡೋ ಯಂತ್ರದ ಹಳೇ ತುಂಡು, ಗುಜರಿಯಿಂದ ತಂದದ್ದು."

"ಮತ್ತೆ ನನ್ನವು?"

"ನಿಮ್ಮದಕ್ಕೆ ಗುಂಡು ಹೊಡೆಯೋಕೆ ಯಾರಿಗಮ್ಮ ಮನಸ್ಸು ಬರುತ್ತೆ? ಅಷ್ಟು ಚೆಂದ ಮಾಡಿರ್ತೀರ. ಮೊದಲ ವರ್ಷದಿಂದಲೂ ಗೆದ್ದವರಿಗೆ ಬಹುಮಾನ ಕೊಡೋದು ಅವನ್ನೇ. ಮೂರು ಜನಕ್ಕೆ ಮೂರು."

ಗೆದ್ದ ಎತ್ತರದ ಮನುಷ್ಯ ಬಂದು ಕೈ ಮುಗಿದ. ತನ್ನ ಮನೆಯಲ್ಲಿ ಅವಳ ನಾಲ್ಕು ತಟ್ಟೆಗಳಿವೆಯೆಂದೂ, ಧೂಳು ಕೂರಲೂ ಬಿಡುವುದಿಲ್ಲವೆಂದೂ ಹೆಮ್ಮೆಯಿಂದ ಹೇಳಿದ.

"ಒಂದಕ್ಕೆ ಹೊಡೀರಿ ಸಾರ್. ಒಂದೇ ಒಂದು ಗುಂಡು," ಎಂದಳು ತಟ್ಟೆಯಕ್ಕ.

ಅವನು ಕೆನ್ನೆ ಕೆನ್ನೆ ಬಡಿದುಕೊಂಡ. ಎಲ್ಲರೂ ಅವಳ ವಿನಯಕ್ಕೆ ತಲೆದೂಗಿದರು. ಅವಳನ್ನೇ ವೇದಿಕೆಗೆ ಕರೆದು ಅವಳ ಕೈಯಿಂದಲೇ ಬಹುಮಾನ ಕೊಡಿಸಿದರು. ಚಪ್ಪಾಳೆ ಜೋರಾಗಿತ್ತು; ಅದು ಎಣಿಸುವ ಮೊದಲೇ ಬಂದು ಎಣಿಸುವ ಮೊದಲೇ ಮುಗಿಯಿತು.

ಗಾಡಿ ಹತ್ತುವಾಗ ಕಾರ್ಯದರ್ಶಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ಒಂದು ವಿಷಯ. ತುಂಬಾ ಭಾರ ಅಂತಾರೆ, ಗೋಡೆಯ ಮೊಳೆ ಕಿತ್ತು ಬರುತ್ತಂತೆ. ಮುಂದಿನ ವರ್ಷದಿಂದ ತೆಳ್ಳಗಿನ ತಗಡಿನಲ್ಲಿ ಮಾಡಿಕೊಡಿ, ಸಾಕು. ಹೇಗೂ ಗುಂಡು ಬೀಳೋದಿಲ್ವಲ್ಲ."

ತಟ್ಟೆಯಕ್ಕ ಮೈದಾನದ ಆ ತುದಿಯನ್ನು ನೋಡಿದಳು. ಅಲ್ಲಿ ಗುಜರಿಯ ತುಂಡು ಗಾಳಿಗೆ ಮೆಲ್ಲಗೆ ತೂಗುತ್ತಿತ್ತು.

"ದಪ್ಪ ಇಷ್ಟೇ ಇರುತ್ತೆ ಮೇಡಂ," ಎಂದಳು. "ಯಾರಿಗಾದ್ರೂ ಒಂದು ದಿನ ಮನಸ್ಸಾದ್ರೆ? ಅಲ್ಲಿವರೆಗೆ ಮೊಳೆ ದೊಡ್ಡದು ಹೊಡ್ಕೊಳ್ಳೋಕೆ ಹೇಳಿ."