ಅತ್ತೆ ಮಾತು ಬಿಟ್ಟ ಹತ್ತು ದಿನ

ನಮ್ಮ ಸೋದರತ್ತೆ ಹುಟ್ಟಿದಾಗ ಅಳಲಿಲ್ಲವಂತೆ, ನೇರವಾಗಿ ಸೂಲಗಿತ್ತಿಯ ಜೊತೆ ಮಾತಿಗೇ ಇಳಿದಳಂತೆ! ಇದು ನಮ್ಮಪ್ಪ ಹೇಳುವ ಮಾತು. ಅಪ್ಪ ಆಕೆಗಿಂತ ಮೂರು ವರ್ಷ ಚಿಕ್ಕವನು, ಕಂಡವನೇನಲ್ಲ. ಆದರೂ ಬೈಲಹೊಂಗಲದಲ್ಲಿ ಅತ್ತೆಯನ್ನು ಬಲ್ಲ ಯಾರೂ ಇದನ್ನು ಸುಳ್ಳೆಂದದ್ದು ನನಗೆ ಗೊತ್ತಿಲ್ಲ.

ಒಮ್ಮೆ ರಾಮದುರ್ಗದಿಂದ ಯಾರೋ ಟ್ರ್ಯಾಕ್ಟರ್ ರಿಪೇರಿಯವನಿಗೆ ಮಾಡಿದ ಫೋನು ತಪ್ಪಿ ಅತ್ತೆಗೆ ಬಂತು. ನಾವು ನೀವಾಗಿದ್ದರೆ ‘ರಾಂಗ್ ನಂಬರ್’ ಎಂದು ಇಟ್ಟುಬಿಡುತ್ತಿದ್ದೆವು. ಅತ್ತೆ ಮುಕ್ಕಾಲು ಗಂಟೆ ಮಾತಾಡಿದಳು. ಟ್ರ್ಯಾಕ್ಟರಿಗೆ ಏನಾಗಿದೆ, ಅವನ ಮಗಳಿಗೆ ಎಲ್ಲಿಯ ಸಂಬಂಧ ಗೊತ್ತಾಗಿದೆ, ಬೀಗರ ಸ್ವಭಾವ ಎಂಥದು, ಎಲ್ಲ ಕೇಳಿದಳು. ಮುಂದಿನ ತಿಂಗಳು ಆ ಮದುವೆಗೆ ಹೋಗಿ ಸೀರೆಯ ಉಡುಗೊರೆ, ಆಹೇರಿ, ಮಾಡಿಸಿಕೊಂಡೂ ಬಂದಳು!

ಮಾವನಿಗೆ ಒಂದೂವರೆ ವರ್ಷದ ಹಿಂದೆ ಲಕ್ವಾ ಹೊಡೆಯಿತು. ಬಲಗೈ ಸೋತಿತು, ಮಾತು ಸಿಕ್ಕಿಹಾಕಿಕೊಂಡಿತು. ಎಲ್ಲ ತಿಳಿಯುತ್ತದೆ, ಆದರೆ ಒಂದು ಶಬ್ದ ನಾಲಿಗೆಗೆ ಬರಬೇಕಾದರೆ ಬಾವಿಯಿಂದ ಕೊಡ ಸೇದಿದಷ್ಟು ಹೊತ್ತು. ಅಷ್ಟು ಹೊತ್ತು ಕಾಯುವ ಪೈಕಿಯೇ ನಮ್ಮ ಅತ್ತೆ? ಅಂದಿನಿಂದ ಇಬ್ಬರ ಮಾತನ್ನೂ ತಾನೇ ಆಡತೊಡಗಿದಳು. ಮನೆಗೆ ಬಂದವರೆದುರು ಮಾವ ಕೆಮ್ಮಿದರೆ ಸಾಕು, “ಬರ್ರಿ, ಕುಂದ್ರಿ ಅನ್ನಾಕತ್ತಾರ ನೋಡ್ರಿ ನಮ್ಮನಿಯವರು!” ಎನ್ನುವಳು. ಮಾವ ಬಾಯಿ ತೆರೆಯುವಷ್ಟರಲ್ಲಿ ಚಹಾ ಬಂದಿರುತ್ತಿತ್ತು, ಕಪ್ಪು-ಬಸಿಯಲ್ಲಿ ಆರಿಯೂ ಇರುತ್ತಿತ್ತು.

ಇಂಥ ಅತ್ತೆ ಈ ಬೇಸಗೆಯಲ್ಲಿ ಒಂದು ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದಳು: “ನಾ ಹತ್ತು ದಿನ ಮಾತ ಬಿಡಾಕತ್ತೇನಿ. ಕಿತ್ತೂರ ಕಡೆ ಮೌನದ ಶಿಬಿರ ಐತಿ. ಹೆಸರ ಹಚ್ಚಿ ಬಂದೇನಿ.”

ಅಪ್ಪ ಬಿದ್ದು ಬಿದ್ದು ನಕ್ಕ. ನಕ್ಕು ಮುಗಿದ ಮೇಲೆ ಸಿಟ್ಟಾದ. “ಅಕ್ಕಾ, ಮಾವಾರನ್ನ ಹಿಂಗ ಬಿಟ್ಟ ಹೋಗತೀಯೇನ? ಅದೂ ಸುಮ್ಮ ಕುಂದ್ರಾಕ?”

“ಮಗ ಅದಾನ, ಸೊಸಿ ಅದಾಳ. ಹತ್ತು ದಿನ ನೋಡಕೋತಾರ” ಎಂದಳು ಅತ್ತೆ. ಅಷ್ಟೇ. ಯಾಕೆ, ಏನು, ಒಂದೂ ಇಲ್ಲ. ಅಷ್ಟು ಗಿಡ್ಡ ಉತ್ತರವನ್ನು ಅವಳ ಬಾಯಿಂದ ನಾವು ಅಲ್ಲಿಯವರೆಗೆ ಕೇಳಿರಲಿಲ್ಲ. ಅತ್ತೆ ಎರಡನೆಯ ದಿನವೇ ಓಡಿ ಬರುತ್ತಾಳೆ, ಜೊತೆಗೊಬ್ಬರು ಇರಲಿ ಎಂದು ನನ್ನನ್ನು ಕಳಿಸಿದರು. ಮುರಗೋಡದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಆಗ ರಜೆ.

ಶಿಬಿರದಲ್ಲಿ ಫೋನು ಇಸಿದುಕೊಂಡರು. ಮಾತಿಲ್ಲ, ಕೈಸನ್ನೆ ಇಲ್ಲ, ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ನಡೆಸುವ ಹಿರಿಯ ತಾಯಿ ಮೆಲ್ಲಗೆ ಹೇಳಿದರು: “ಕಣ್ಣ ಮುಚ್ಚರಿ. ಉಸಿರ ನೋಡ್ರಿ.”

ಕಣ್ಣು ಮುಚ್ಚಿ ನೋಡುವುದು ಹೇಗೆ? ನನಗೆ ಅಲ್ಲಿಂದಲೇ ಗೊಂದಲ ಶುರುವಾಯಿತು. ಆದರೂ ನೋಡಿದೆ. ಮೂವತ್ತೆಂಟು ವರ್ಷ ತನ್ನಷ್ಟಕ್ಕೆ ತಾನು ಬಂದು ಹೋಗುತ್ತಿದ್ದ ಉಸಿರು, ನಾನು ನೋಡತೊಡಗಿದ ಕೂಡಲೇ ನಾಚಿಕೊಂಡು ನಿಂತೇಬಿಟ್ಟಿತು! ಗಾಬರಿಯಾಗಿ ಎಳೆದುಕೊಂಡೆ. ಎಳೆದುಕೊಳ್ಳಬಾರದಂತೆ. ಹೋಗಲಿ ಎಂದು ಎಣಿಸತೊಡಗಿದೆ. ಎಣಿಸಲೂಬಾರದಂತೆ! ಮತ್ತೆ ಏನು ಮಾಡಬೇಕು ಎಂದರೆ, ಏನೂ ಮಾಡಬಾರದಂತೆ. ಏನೂ ಮಾಡದೆ ಇರುವುದಕ್ಕೆ ಮೊಣಕಾಲು ಅಷ್ಟೊಂದು ಯಾಕೆ ನೋಯಬೇಕು?

ಅತ್ತೆಯ ಕಷ್ಟ ಬೇರೆ. ಮೊದಲ ದಿನ ಊಟದ ಸಾಲಿನಲ್ಲಿ ಯಾರೋ ಸೀನಿದರು. ಮನೆಯಲ್ಲಾಗಿದ್ದರೆ ಕಷಾಯದ ವಿಧಾನ ಕಾಲು ಗಂಟೆ ನಡೆಯುತ್ತಿತ್ತು. ಅತ್ತೆಯ ಬಾಯಿ ತೆರೆಯಿತು. ಮರುಕ್ಷಣ ಅವಳು ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು! ಎರಡನೆಯ ದಿನ ಮುಗಿಯಿತು. ಅತ್ತೆ ಓಡಲಿಲ್ಲ. ಮೂರನೆಯ ದಿನ ಓಡಿಹೋಗುವ ವಿಚಾರ ಬಂದದ್ದು ನನಗೆ!

ಐದನೆಯ ದಿನ ಊಟವಾದ ಮೇಲೆ ನೋಡುತ್ತೇನೆ, ಅತ್ತೆ ಬೇವಿನ ಮರದ ಕೆಳಗೆ ಕೂತಿದ್ದಾಳೆ, ಕಣ್ಣೀರು ಧಾರಾಕಾರ ಹರಿಯುತ್ತಿದೆ. ಓಡಿಹೋದೆ. ನಿಯಮ ಎಲ್ಲಿ ಹೋಯಿತೋ!

“ಅತ್ತೀ, ಏನಾತು? ಹೊಟ್ಟಿ ನೋಯಾಕತ್ತೈತೇನ? ಮನಿಗೆ ಹೋಗೂಣೇನ?”

ಅತ್ತೆ ತುಟಿಯ ಮೇಲೆ ಬೆರಳಿಟ್ಟಳು. ಕೇಳಿಸಿಕೊಂಡಿರಾ? ನಮ್ಮ ಅತ್ತೆ, ನನಗೆ, ಸುಮ್ಮನಿರು ಎಂದಳು! ಅಷ್ಟರಲ್ಲಿ ಆ ಹಿರಿಯ ತಾಯಿ ಬಂದು ನನ್ನನ್ನು ಬದಿಗೆ ಕರೆದೊಯ್ದರು. “ಕಲಿತವರು ಇದೀರಿ, ಹಿಂಗ ಮಾಡಿದ್ರ ಹೆಂಗ್ರಿ? ಸುಮ್ಮನಿರೂದು ಹೆಂಗಂತ ನಿಮ್ಮ ಅತ್ತಿಯವರನ್ನ ನೋಡಿ ಕಲೀರಿ!” ಎಂದರು. ನಮ್ಮ ಮನೆತನದಲ್ಲಿ ಈ ವಾಕ್ಯವನ್ನು ಯಾರೂ ಯಾರಿಗೂ ಹೇಳಿರಲಿಕ್ಕಿಲ್ಲ.

ಹತ್ತನೆಯ ದಿನ ಮೌನ ಬಿಡಿಸಿದರು. ಆ ಗದ್ದಲ ಏನು ಹೇಳಲಿ! ಸಂತೆ ನೆರೆದಂತೆ ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ನಾನಂತೂ ಹೆಸರು ಗೊತ್ತಿಲ್ಲದ ಹೆಂಗಸೊಬ್ಬಳಿಗೆ ನನ್ನ ಮೊಣಕಾಲಿನ ಪುರಾಣ ಪೂರ್ತಿ ಒಪ್ಪಿಸಿದೆ. ಅತ್ತೆ ಮಾತ್ರ ಎಲ್ಲರಿಗೂ ಕೈಮುಗಿದು ಚೀಲ ಎತ್ತಿಕೊಂಡಳು. ಬಸ್ಸಿನಲ್ಲೂ ಸುಮ್ಮನೆ. ತಲೆಗೇನಾದರೂ ಆಯಿತೇ ಎಂದು ನನಗೆ ಭಯ.

“ಅತ್ತೀ, ಏನರೆ ಮಾತಾಡ. ನನಗ ಹೆದರಿಕಿ ಆಗಾಕತ್ತೈತಿ.”

ಅವಳು ಕಿಟಕಿಯ ಕಡೆಗೇ ನೋಡುತ್ತ ಹೇಳಿದಳು: “ಐದನೇ ದಿನ ಸಾರಿನ್ಯಾಗ ಉಪ್ಪ ಇರಲಿಲ್ಲ. ಬಡಸಾಕಿ ಇನ್ನೊಂದ ಸೌಟ ಸುರವಿದಳು. ಬ್ಯಾಡ ಅನ್ನಾಕ ಬರವಲ್ದು. ಸುಮ್ಮ ಉಂಡೆ. ಉಂಡ ಎದ್ದ ಮ್ಯಾಲೆ ಹೊಳೀತವಾ, ಒಂದೂವರಿ ವರ್ಷ ನಿಮ್ಮ ಮಾವಗ ನಾ ಹಿಂಗ ಬಡಸಾಕತ್ತೇನಿ ಅಂತ.”

ಅವಳು ಮಡಿಲಲ್ಲಿದ್ದ ಚೀಲ ಸರಿಮಾಡಿಕೊಂಡು ಮತ್ತೆ ಹೇಳಿದಳು:

“ಲಕ್ವಾ ಹೊಡದಾಗನ ಡಾಕ್ಟರ್ ಹೇಳಿದ್ದರು. ‘ಅವರಿಗೆ ಮಾತು ಬರತಾವು, ನೀವು ಸುಮ್ಮನಿದ್ದು ಕಾಯಬೇಕು’ ಅಂತ. ನನಗ ಸುಮ್ಮನಿರೂದ ಹೆಂಗಂತ ಗೊತ್ತಿದ್ದರಲ್ಲ? ಅದಕ್ಕ ಕಲ್ಯಾಕ ಹೋದೆ.”

ಮನೆ ಮುಟ್ಟಿದಾಗ ಮಧ್ಯಾಹ್ನ ನಾಲ್ಕು ಗಂಟೆ. ಮಾವ ಪಡಸಾಲೆಯಲ್ಲಿ ಕುರ್ಚಿಯ ಮೇಲಿದ್ದರು. ಅತ್ತೆ ಕಾಲೂ ತೊಳೆಯದೆ ನೇರ ಅವರ ಮುಂದೆ ಹೋಗಿ ನಿಂತಳು.

“ಏನ ಬೇಕ್ರಿ?”

ಕೇಳಿ ಬಾಯಿ ಮುಚ್ಚಿದಳು. ಮಾವನ ತುಟಿ ಅಲುಗಾಡಿತು, ಕೊರಳ ನರ ಉಬ್ಬಿತು, ಏನೂ ಬರಲಿಲ್ಲ. ನೋಡಲಾಗದೆ ನಾನು “ಚಹಾ...” ಎನ್ನಹೋದೆ. ಅತ್ತೆ ಹಿಂದೆ ತಿರುಗದೆಯೇ ನನ್ನ ಕೈ ಗಟ್ಟಿಯಾಗಿ ಒತ್ತಿದಳು. ಹಾಲಿನವನ ಬೈಕು ಬಂತು, ಸೊಸೆ ಹಾಲು ಹಾಕಿಸಿಕೊಂಡಳು, ಬೈಕು ಹೋಯಿತು. ಅತ್ತೆ ನಿಂತೇ ಇದ್ದಳು.

“ಚಾ... ಬ್ಯಾ... ಬ್ಯಾಡ.”

ಒಂದೂವರೆ ವರ್ಷದ ಚಹಾ ಅಷ್ಟೂ ಅತ್ತೆಯ ಕಣ್ಣಿಗೆ ಬಂದು ನಿಂತಂತಿತ್ತು. ಆದರೂ ಮಾತಾಡಲಿಲ್ಲ. ಮಾವನಿಗೆ ಇನ್ನೂ ಏನೋ ಹೇಳುವುದಿತ್ತು. ಅವರು ಎಡಗೈಯಿಂದ ಪಕ್ಕದ ಬೆಂಚನ್ನು ಮೆಲ್ಲಗೆ ತಟ್ಟಿದರು.

“ಕುಂ... ಕುಂದ್ರು.”

ಅತ್ತೆ ಹೆಗಲ ಮೇಲಿನ ಚೀಲವನ್ನೂ ಇಳಿಸದೆ, ಅವರ ಪಕ್ಕದಲ್ಲಿ ಕುಳಿತಳು.